ಗೋಡೆಯ ಮೇಲಿನ ರಾಣಿ

ಮೊದಲ ದಿನ ಚಿತ್ರಗಾರ ಹನಮಪ್ಪ ರಾಮವ್ವನನ್ನು ಕೂಲಿಯವಳೆಂದು ತಿಳಿದು, ಬಣ್ಣ ಕಲಸಲು ನೀರು ತಂದಿಡಲು ಹೇಳಿದ. ಅವಳು ತಂದಿಟ್ಟಳು. ಅವಳು ಸಾರಾಯಿ ಅಂಗಡಿಯ ಮಾಲೀಕ ಹುಲ್ಲಪ್ಪನ ಮಗಳೆಂದು ತಿಳಿದ ಮೇಲೆ, ಅವನು ಅರ್ಧ ದಿನ ಗೋಡೆಯ ಕಡೆಯಿಂದ ಮುಖ ತಿರುಗಿಸಲಿಲ್ಲ.

ಅದು ಸಾವಿರದ ಒಂಬೈನೂರ ಎಂಟರ ಚಳಿಗಾಲ. ಬಾದಾಮಿ ಸ್ಟೇಷನ್ನಿನ ದಾರಿಯಲ್ಲಿದ್ದ ಹುಲ್ಲಪ್ಪನ ಸೆರೆ ಅಂಗಡಿಗೆ ಎರಡು ಭಾಗ. ಮುಂದಿನ ಚಪ್ಪರದಡಿ ಗಾಡಿ ಹೊಡೆಯುವವರು, ಕಲ್ಲು ಒಡೆಯುವವರು ಚಾಪೆಯ ಮೇಲೆ ಕೂತು ಕುಡಿಯುತ್ತಿದ್ದರು. ಒಳಕೋಣೆಯಲ್ಲಿ ಕುರ್ಚಿ, ಮೇಜು, ಗಾಜಿನ ಗ್ಲಾಸು. ಅದು ಗುಹೆ ನೋಡಲು ಬರುವ ಸಾಹೇಬರಿಗೆ, ಕಂತ್ರಾಟದಾರರಿಗೆ. ಬ್ರಾಂಡಿಗೆ ಶುಂಠಿ, ನಿಂಬೆ, ಬೆಲ್ಲ ಬೆರೆಸಿ ಹುಲ್ಲಪ್ಪ ಅವರಿಗೆ ಕೊಡುತ್ತಿದ್ದ. ಅದಕ್ಕೆ ‘ಪುಲಿಕೇಶಿ’ ಎಂದು ಹೆಸರಿಟ್ಟಿದ್ದ. ಊರನ್ನಾಳಿದ ಚಾಲುಕ್ಯ ರಾಜರ ಕತೆಯನ್ನು ಸಾಹೇಬರ ಬಾಯಿಂದ ಕೇಳಿದಾಗಿನಿಂದ ಗೋಡೆ ತುಂಬ ರಾಜ, ರಾಣಿಯರನ್ನು ಬರೆಸುವ ಹುಚ್ಚು ಹತ್ತಿತ್ತು. ಅದಕ್ಕೇ ಇಳಕಲ್ಲಿನಿಂದ ಹನಮಪ್ಪನನ್ನು ಕರೆಸಿದ್ದ.

ರಾಮವ್ವನ ಗಂಡ ಪ್ಲೇಗಿನಲ್ಲಿ ತೀರಿಕೊಂಡು ಮೂರು ವರ್ಷವಾಗಿತ್ತು. ತವರಿಗೆ ಬಂದವಳು ಚಪ್ಪರದಡಿ ಸೆರೆ ಸುರಿಯುತ್ತಿದ್ದಳು. ಮುಂಜಾನೆ ಗಿರಾಕಿಗಳಿಲ್ಲದಾಗ ಒಳಕೋಣೆಯ ಹೊಸ್ತಿಲಲ್ಲಿ ಕೂತು ಶುಂಠಿ ಜಜ್ಜುವಳು. ಕುಟ್ಟುವ ಸದ್ದು ನಿಂತರೆ ಹನಮಪ್ಪನ ಕುಂಚವೂ ನಿಲ್ಲುತ್ತಿತ್ತು. ಅವಳು ತಲೆಯೆತ್ತುವಷ್ಟರಲ್ಲಿ ಅವನು ಗೋಡೆ ನೋಡುತ್ತಿದ್ದ.

“ಗುಹೆಯೊಳಗಿನ ರಾಣಿಯರ ಕಣ್ಣು ಸವದು ಹೋಗ್ಯಾವ,” ಎಂದ ಒಂದು ದಿನ. “ಹೆಂಗ ಇದ್ದೂವು ಅಂತ ಯಾರನ್ನ ಕೇಳ್ಲಿ?”

“ಕಲ್ಲನ್ನ ಕೇಳ್ರಿ,” ಎಂದಳು ರಾಮವ್ವ. ನಗು ಬಂತು, ಸೆರಗನ್ನು ಬಾಯಿಗೆ ಹಿಡಿದು ಮತ್ತೆ ಶುಂಠಿ ಜಜ್ಜಿದಳು.

ಕಡೆಗೆ ಉಳಿಸಿದ್ದ ರಾಣಿಯ ಮುಖವನ್ನೂ ಆ ಮಧ್ಯಾಹ್ನ ಬರೆದು ಹನಮಪ್ಪ ಚಿತ್ರ ಮುಗಿಸಿದ ಸಂಜೆ ಒಳಕೋಣೆ ತುಂಬಿತ್ತು. ಇದ್ದಕ್ಕಿದ್ದಂತೆ ಅಲ್ಲಿ ದೊಡ್ಡ ನಗು ಎದ್ದಿತು. ರೈಲ್ವೆಯ ಕಂತ್ರಾಟದಾರನೊಬ್ಬ, ರಾಣಿಯೇ ಬಂದು ಗ್ಲಾಸು ತುಂಬಬೇಕೆಂದು ಹಟ ಹಿಡಿದಿದ್ದ. ಹುಲ್ಲಪ್ಪ ಮಗಳನ್ನು ಒಳಗೆ ಕರೆದ. ಬಾಟ್ಲಿ ಹಿಡಿದು ಒಳಬಂದ ರಾಮವ್ವ ಗೋಡೆ ನೋಡಿದಳು. ಸಿಂಹಾಸನದ ಮೇಲೆ ಅವಳೇ ಕೂತಿದ್ದಳು. ಅದೇ ಕಣ್ಣು, ಅದೇ ಗಲ್ಲ. ಕುಡಿದವರು ಒಮ್ಮೆ ಗೋಡೆಯನ್ನು, ಒಮ್ಮೆ ಅವಳನ್ನು ನೋಡುತ್ತಿದ್ದರು.

ಗಿರಾಕಿಗಳು ಖುಷಿಯಾಗಿದ್ದಾರೆ, ಇನ್ನು ದಿನಾ ಒಳಗೇ ಸುರಿಯಬೇಕು ಎಂದ ಅಪ್ಪ. ಅವಳು ಹಿತ್ತಲಿಗೆ ಹೋಗಿ, ಕುಂಚ ತೊಳೆಯುತ್ತಿದ್ದ ಹನಮಪ್ಪನೆದುರು ನಿಂತು ತನ್ನ ಮುಖ ಮುಟ್ಟಿ ತೋರಿಸಿದಳು.

“ನಾ ಸೆರೆ ಮಾರ್ತೇನಿ ಖರೆ. ನನ್ನ ಮಾರಿ ಮಾರೂದಿಲ್ಲ. ನನ್ನ ಒಂದ ಮಾತು ಕೇಳಿದ್ರೇನ್ರಿ ನೀವು?”

ಅವನು ತೊಳೆದ ಕುಂಚವನ್ನೇ ಮತ್ತೆ ನೀರಿಗೆ ಅದ್ದಿದ.

ಮರುದಿನ ಮುಂಜಾನೆ ಕೆರೆಯುವ ಸದ್ದು ಕೇಳಿ ಅವಳು ಓಡಿ ಬಂದಾಗ, ಹನಮಪ್ಪ ಕರಣಿಯಿಂದ ರಾಣಿಯ ಮುಖವನ್ನು ಗೋಡೆಯಿಂದ ಎಬ್ಬಿಸಿಹಾಕಿದ್ದ. ಹುಲ್ಲಪ್ಪ ಅವನ ಕೊರಳಪಟ್ಟಿ ಹಿಡಿದು ಹೊಡೆದ, ಬಣ್ಣದ ಗಡಿಗೆಗಳನ್ನು ಬೀದಿಗೆ ಎಸೆದ. ಹನಮಪ್ಪ ಕೈಯೆತ್ತಲಿಲ್ಲ.

ಕೆರೆಯ ಮೆಟ್ಟಿಲ ಮೇಲೆ ತುಟಿಯ ರಕ್ತ ತೊಳೆಯುತ್ತಿದ್ದವನ ಬಳಿಗೆ ರಾಮವ್ವ ಬಂದಳು.

“ನನ್ನ ಮಾರಿ ಯಾಕ ಬರದ್ರಿ?”

“ಬೇರೆ ಮಾರಿ ಬರಿಯಾಕ ಕುಂತ್ರೂ ನಿಂದ ಬರ್ತಿತ್ತು,” ಎಂದ ಅವನು ನೀರು ನೋಡುತ್ತಲೇ. “ಕೇಳಬೇಕಾಗಿತ್ತು, ತಪ್ಪು ನಂದು. ಈಗ ಕೇಳ್ತೇನಿ. ನನ್ನ ಜೋಡಿ ಉಡಿಕಿ ಆಗ್ತೀಯೇನು?”

ಗಂಡ ಸತ್ತವಳಿಗೆ ಎರಡನೆಯ ಮದುವೆ ಅವರ ಕುಲದಲ್ಲಿ ಹೊಸದಲ್ಲ. ಆದರೂ ಅವಳು ತಕ್ಷಣ ಹೂಂ ಎನ್ನಲಿಲ್ಲ. ಮನೆಗೆ ಹೋಗಿ, ತಾನು ಒಳಕೋಣೆಗೆ ಕಾಲಿಡುವುದಿಲ್ಲವೆಂದು ಅಪ್ಪನಿಗೆ ಹೇಳಿದಳು. ಹಾಗಾದರೆ ಈ ಮನೆಯಲ್ಲಿ ಜಾಗವಿಲ್ಲ, ಹೋದರೆ ತಿರುಗಿ ಬರಬೇಡ ಎಂದ ಹುಲ್ಲಪ್ಪ. ಹೇಳಿ ಮುಗಿಸಿ ಕಣ್ಣೊರೆಸಿಕೊಂಡ. ಮಾತನ್ನು ಮಾತ್ರ ಹಿಂದೆ ತೆಗೆದುಕೊಳ್ಳಲಿಲ್ಲ. ಎರಡು ಸೀರೆ ಗಂಟು ಕಟ್ಟಿ ರಾಮವ್ವ ಹನಮಪ್ಪನ ಜೊತೆ ಇಳಕಲ್ಲಿಗೆ ಹೊರಟಳು.

ಗಾಡಿಯಲ್ಲಿ ಪಟ್ಟದಕಲ್ಲಿನವರೆಗೂ ಅವಳು ಅತ್ತಳು. ಅಳಬೇಡ ಎಂದು ಹನಮಪ್ಪ ಹೇಳಲಿಲ್ಲ. ಬಿಸಿಲು ಬೀಳದ ಕಡೆ ಅವಳಿಗೆ ಜಾಗ ಬಿಟ್ಟು ಕೂತಿದ್ದ. ಮಲಪ್ರಭೆಯ ದಡದಲ್ಲಿ ಎತ್ತುಗಳಿಗೆ ನೀರು ಕುಡಿಸಲು ಗಾಡಿ ನಿಂತಿತು. ಅವಳು ಇಳಿದು ಮುಖ ತೊಳೆದಳು. ಬಾದಾಮಿಯ ಗುಡ್ಡಗಳ ಕಡೆ ಬಹಳ ಹೊತ್ತು ನೋಡುತ್ತ ನಿಂತಳು. ಹಿಂದಕ್ಕೆ ಹೋಗುವುದಿದ್ದರೆ ತಾನೇ ಮುಟ್ಟಿಸಿ ಬರುವೆನೆಂದ ಹನಮಪ್ಪ ಮೆಲ್ಲಗೆ.

ರಾಮವ್ವ ಬೇಡವೆಂದು ತಲೆಯಾಡಿಸಿದಳು. ಗಾಡಿಯ ಹತ್ತಿರ ಬಂದು, ಹತ್ತಲು ಅವನೆಡೆಗೆ ಒದ್ದೆ ಕೈ ಚಾಚಿದಳು.