ಕಾಗದದಷ್ಟು ಅಂತರ

"ಮೂವತ್ತೆಂಟು ಪಾಯಿಂಟ್ ನಾಲ್ಕು ಎರಡು," ಎಂದರು ಕನ್ನಡಕದಂಗಡಿಯ ಒಡತಿ.

ನನ್ನ ಪೆನ್ಸಿಲ್ ನಿಂತಿತು. ತೀರಿಕೊಂಡ ನನ್ನಾಕೆ ಮೊದಲನೆಯ ಕಟರಿಗೆ ಓದಿ ಹೇಳಿದ್ದ ಅಳತೆಯೂ ಅದೇ.

"ಏನ್ ಮೇಷ್ಟ್ರೇ, ಬರ್ಕೊಂಡ್ರಾ? ಇಲ್ಲಾ ನಿದ್ದೆ ಹೋದ್ರಾ?"

"ಬರ್ಕೊಂಡೆ. ಮುಂದಿನದು ಹೇಳಿ."

ಶಾಲೆಯ ವರ್ಕ್‌ಶಾಪಿನಲ್ಲಿ ಮಕ್ಕಳಿಗೆ ಕೆಲಸ ಕಲಿಸಿ ನಿವೃತ್ತನಾದವನು ನಾನು. ಮನೆಯ ಹಿಂಬದಿಯ ಕೋಣೆಯಲ್ಲಿ ಪುಟ್ಟ ಮಿಲ್ಲಿಂಗ್ ಯಂತ್ರವಿದೆ. ಇವರ ಅಂಗಡಿಗೆ ಅದರಲ್ಲೇ ಮರದ ಕನ್ನಡಕದ ಫ್ರೇಮುಗಳನ್ನು ಕೊರೆದುಕೊಡುತ್ತೇನೆ. ಒಂದು ಫ್ರೇಮಿಗೆ ಮರ ಕೊರೆಯುವ ನಾಲ್ಕು ಬಗೆಯ ಕಟರು; ಸ್ಪ್ಯಾನರ್ ಹಿಡಿದು ಬದಲಿಸಿ ಬದಲಿಸಿ ಮಣಿಕಟ್ಟು ಸೋತಿತ್ತು. ಯಂತ್ರ ತಾನಾಗಿಯೇ ಕಟರು ಬದಲಿಸಿಕೊಳ್ಳಲೆಂದು ಅವನ್ನು ಹೊತ್ತು ತಿರುಗುವ ತಟ್ಟೆಯೊಂದನ್ನೂ, ಗಾಳಿಯ ಒತ್ತಡದಿಂದ ಹಿಡಿತ ಬಿಡಿಸುವ ಸಿಲಿಂಡರನ್ನೂ ಎಂಟು ತಿಂಗಳು ಕೂತು ಮಾಡಿದೆ. ದುಃಖಕ್ಕೂ ಏನಾದರೊಂದು ಕೆಲಸ ಬೇಕಿತ್ತು.

ಉಳಿದದ್ದು ಅಳತೆ. ಕಬ್ಬಿಣದ ಮೇಜಿನ ಮೇಲೆ ಕಾಗದದ ಚೂರನ್ನಿಟ್ಟು ಕಟರನ್ನು ಅದರವರೆಗೆ ಇಳಿಸಬೇಕು. ಎಳೆದಾಗ ಕಾಗದ ಬಿಗಿಯಾದರೆ, ಪರದೆಯ ಮೇಲಿನ ಅಂಕಿಯೇ ಆ ಕಟರಿನ ಅಳತೆ. ನನ್ನ ಕಣ್ಣಿಗೆ ಪೊರೆ ಬಂದಿದೆ. ಕಟರನ್ನು ಇಳಿಸುವ ಚಕ್ರ ತಿರುಗಿಸುವವನು ನಾನು. ಕಾಗದ ಎಳೆದು ಅಂಕಿ ಓದುತ್ತಿದ್ದವಳು ನನ್ನಾಕೆ. ಇಂದು ಇವರು.

"ನಲವತ್ತೊಂದು ಪಾಯಿಂಟ್ ಸೊನ್ನೆ ಏಳು."

ಅದೂ ಅವಳದೇ. ಆದರೆ ಇದು ಆಗುವ ಮಾತಲ್ಲ. ಕಟರು ಕೂರುವ ಹಿಡಿಗಳೆಲ್ಲ ಹೊಸವು. ಒಂದೂ ಹಳೆಯ ಉದ್ದದಲ್ಲಿಲ್ಲ.

ಆಗಲೇ ಸಿಲಿಂಡರು ನಿಟ್ಟುಸಿರಿನಂತೆ ಉಸ್ಸೆಂದಿತು. ತಟ್ಟೆ ಮೆಲ್ಲಗೆ ತಿರುಗಿ, ಮೂರನೆಯ ಕಟರನ್ನು ಮುಂದೆ ತಂದು ನಿಂತಿತು.

"ಗುಂಡಿ ಒತ್ತಿದ್ರಾ?" ಎಂದೆ.

"ನಾನ್ಯಾಕೆ ಒತ್ಲಿ? ನೀವಲ್ವಾ?" ಅವರು ಕನ್ನಡಕವನ್ನು ಹಣೆಗೇರಿಸಿ ನನ್ನನ್ನೇ ನೋಡಿದರು. ಆ ನೋಟಕ್ಕೆ ನಾನು ಯಾವಾಗಲೂ ಸೋಲುತ್ತೇನೆ. ಇಂದು ಮುಖ ತಿರುಗಿಸಿದೆ.

"ಇನ್ನು ಬರಬೇಡಿ."

"ಏನಂದ್ರಿ?"

"ಅವಳು ಇಲ್ಲೇ ಇದ್ದಾಳೆ. ನಿಮ್ಮ ಬಾಯಲ್ಲಿ ಅವಳೇ ಮಾತಾಡ್ತಿದ್ದಾಳೆ. ನೀವು ಬರೋ ದಿನ ಬೆಳಗ್ಗೆಯಿಂದ ನಾನು ಬಾಗಿಲು ನೋಡ್ತಾ ಕೂತಿರ್ತೀನಿ. ಅದು ಅವಳಿಗೆ ಗೊತ್ತಾಗಿದೆ."

ಅವರು ಕನ್ನಡಕವನ್ನು ಹಣೆಯಿಂದ ಕೆಳಗಿಳಿಸಿದರು.

"ಬೆಳಗ್ಗೆಯಿಂದಾನಾ?" ಎಂದರು ಸಣ್ಣ ದನಿಯಲ್ಲಿ. ಆಮೇಲೆ ತಲೆ ತಗ್ಗಿಸಿದರು. "ಆ ಅಂಕಿಗಳು ಪರದೆ ಮೇಲೆ ಇರ್ಲಿಲ್ಲ ಮೇಷ್ಟ್ರೇ. ಯಂತ್ರದ ಪಕ್ಕ ಅಕ್ಕ ಬರೆದು ಅಂಟಿಸಿದ ಹಳೇ ಅಳತೆ ಚೀಟಿ ಇದೆಯಲ್ಲ, ಅದನ್ನ ನೋಡಿ ಓದ್ದೆ. ಹಳೇದನ್ನ ಅಳಿಸೋಕೆ ರಬ್ಬರ್ ಹಿಡ್ಕೊಂಡು ಕೂತೇ ಇದ್ರಿ, ಅಳಿಸ್ಲಿಲ್ಲ. ನನ್ನ ಕೈಲಿ ನೋಡೋಕಾಗ್ಲಿಲ್ಲ. ಅದೇ ಅಂಕಿ ಹೇಳಿದ್ರೆ ನೀವು ಅಳಿಸ್ಬೇಕಾಗಲ್ಲ ಅಂದ್ಕೊಂಡೆ."

"ಸುಳ್ಳು ಅಳತೆ ಇಟ್ಟು ಓಡಿಸಿದ್ರೆ ಕಟರು ಮೇಜಿಗೇ ನುಗ್ಗತ್ತೆ! ಎಂಟು ತಿಂಗಳ ಕೆಲಸ!"

"ಓಡಿಸೋ ಮೊದ್ಲು ಹೇಳ್ತಿದ್ದೆ. ಬೈಯೋದಾದ್ರೆ ಬೈದ್ಬಿಡಿ."

"ತಟ್ಟೆ ತಿರುಗಿಸಿದ್ದು?"

"ಅದು ನಾನಲ್ಲ. ದೇವರಾಣೆ."

ಇಬ್ಬರೂ ಯಂತ್ರದ ಕಡೆ ನೋಡಿದೆವು. ನಾನು ದೇವರನ್ನು ನೆನೆದು, ಚಕ್ರವನ್ನು ಅವರಿಗೆ ಬಿಟ್ಟುಕೊಟ್ಟೆ. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಕಾಗದವನ್ನು ನಾನೇ ಹಿಡಿದೆ.

ಕಟರು ಇಳಿಯಿತು. ಅದಕ್ಕೂ ಮೇಜಿಗೂ ನಡುವೆ ಇನ್ನೂ ಬೆರಳು ತೂರುವಷ್ಟು ಜಾಗವಿತ್ತು. ಆದರೂ ಆಚೆ ತುದಿಯನ್ನು ಯಾರೋ ಹಿಡಿದಂತೆ ಕಾಗದ ಬಿಗಿಯಾಯಿತು. ನಾನು ಎಳೆಯಲಿಲ್ಲ. ಅವಳು ಯಾವತ್ತೂ ಜಗಳದಲ್ಲಿ ಸೋತವಳಲ್ಲ.

"ಹೋಗಿ ಬಾರೇ," ಎಂದೆ. "ನಾನು ಹುಷಾರಾಗಿರ್ತೀನಿ."

ಕಾಗದ ಸಡಿಲವಾಯಿತು.

ಅವರು ಚಕ್ರದಿಂದ ಕೈ ತೆಗೆಯಲಿಲ್ಲ. "ನಾನು ಇನ್ನು ಬರ್ಲೇಬಾರ್ದಾ?" ಎಂದು ಅವರು ಕೇಳಿದರು.

ನಾನು ಆ ಕೈಯ ಮೇಲೆ ಕೈಯಿಟ್ಟೆ.

"ಬರೋದಲ್ಲ. ಹೋಗಬೇಡಿ."