ನಾಲ್ಕನೇ ಮೂಲೆಯ ಕಂಬ

"ಆ ಮೂಲೆ ಒಂದು ಬಿಟ್ಟುಬಿಡಿ ಯಜಮಾನ್ರೇ," ಎಂದ ಸರ್ವೆಯವನು, ಅಳತೆಯ ಟೇಪು ಸುತ್ತುತ್ತಾ. "ಅಲ್ಲಿ ಯಾರೋ ಏನೋ ಮಾಡಿಸಿ ಹೂತಿದ್ದಾರೆ. ಬೇಲಿ ನಾಲ್ಕೂ ಕಡೆ ಕೂಡಬಾರದು."

"ದನ ನುಗ್ಗಿದ್ರೆ ನೀನು ಬಂದು ಓಡಿಸ್ತೀಯಾ?" ಗೋದಾಮಿನ ಯಜಮಾನ ನಕ್ಕ.

ಪೇಟೆಯಿಂದ ಇಪ್ಪತ್ತು ನಿಮಿಷ, ಆರು ಎಕರೆ. ಊರಿನ ಎಲ್ಲೆ ದಾಟಿದ್ದರಿಂದ ಕಟ್ಟುಪಾಡಿಲ್ಲ, ತಪಾಸಣೆಯಿಲ್ಲ. ಎಷ್ಟೇ ಉದ್ದ ಕಟ್ಟಿ ಬಾಗಿಲು ಒಂದೇ ಇಟ್ಟರೂ ಕೇಳುವವರಿಲ್ಲ. ಗೋಣಿಚೀಲದ ಹಳೆಯ ಗೋದಾಮು ಸುಟ್ಟ ಮೇಲೆ ಎರಡು ವರ್ಷ ಇಂಥ ನೆಲಕ್ಕೇ ಅಲೆದಿದ್ದ.

ನೆಲ ಮಾರಿದ ಹೆಂಗಸು ಬೇಲಿಯಾಚೆ ಮರದಡಿ ನಿಂತಿದ್ದಳು. ಮೂವತ್ತು ದಾಟದ ವಿಧವೆ. ಗಂಡನಿಗೆ ಏನಾಯಿತೆಂದು ಅವನು ಕೇಳಿರಲಿಲ್ಲ.

ಕೂಲಿಯವರು ಹಾರೆ ಕೆಳಗಿಟ್ಟರು. "ನಮಗೂ ಹೆಂಡ್ತಿ ಮಕ್ಕಳಿದ್ದಾರೆ ಸ್ವಾಮಿ." ಅವರ ಹಿಂದೆಯೇ ಸರ್ವೆಯವನೂ ಟೆಂಪೊ ಹತ್ತಿದ.

"ಬಿಡಿ ಅಣ್ಣಾ," ಎಂದಳು ಆಕೆ. "ನಿಮ್ಮ ಕೈಲಿ ಆಗೋ ಕೆಲ್ಸ ಅಲ್ಲ."

ಅಷ್ಟು ಸಾಕಾಯಿತು. ತೋಳು ಮಡಚಿ ಹಾರೆ ಎತ್ತಿದ. ಮಣ್ಣು ಯಾರೋ ಮೊದಲೇ ಅಗೆದಿಟ್ಟಂತೆ ಹಗುರವಾಗಿ ಬಂತು. ಮೊಣಕಾಲಾಳದಲ್ಲಿ ಬೂದಿ. ಬೂದಿಯೊಳಗೆ ಒಂದು ಬೀಗ, ಬೆಂಕಿಗೆ ಸೊಟ್ಟಗಾದದ್ದು.

"ಇದೇನಾ ಮಾಟ? ಗುಜರಿಯವನೂ ಮುಟ್ಟಲ್ಲ."

ಬೀಗವನ್ನು ಗುಂಡಿಗೇ ಒದ್ದು, ಮೇಲೆ ಕಲ್ಲುಕಂಬ ನಿಲ್ಲಿಸಿ, ಮುಳ್ಳುತಂತಿ ಎಳೆದು ಕೊನೆಯ ಗಂಟು ಬಿಗಿದ.

ಗಾಳಿ ನಿಂತಿತು. ನಡುಹಗಲು ಕಂದಿತು, ದೀಪಕ್ಕೆ ಮಸಿ ಹಿಡಿದಂತೆ. ಸುಟ್ಟ ಗೋಣಿಯ ಕಮಟು ಮೂಗಿಗೆ ಅಡರಿತು.

ತಂತಿಯಡಿ ಬಗ್ಗಿ ಹೊರಗೆ ನುಸುಳಿದ. ತಲೆಯೆತ್ತಿದ. ಒಳಗೇ ಇದ್ದ.

ಮತ್ತೆ ನುಸುಳಿದ. ಒಳಗೇ. ಅಂಗಿ ಹರಿಯಿತು. ಬೆನ್ನು ಹರಿಯಿತು. ಒಳಗೇ.

ಬೆನ್ನ ಹಿಂದೆ ತಗಡಿನ ಬಾಗಿಲು ಬಡಿಯುವ ಸದ್ದು. ಒಂದು ಕೈಯದಲ್ಲ, ಹಲವು ಕೈಗಳದು. ಕೆಮ್ಮು. ತಿರುಗಿದರೆ ಬರೀ ಹೊಗೆ.

"ತಂಗೀ, ಈ ಗಂಟು ಬಿಚ್ಚಮ್ಮಾ."

"ನಮ್ಮನೆಯವರೂ ಹೀಗೇ ಕೂಗಿದ್ರಂತೆ. ನಿಮ್ಮ ಗೋದಾಮಿನೊಳಗಿಂದ."

ಆಳುಗಳು ಚೀಲ ಕದ್ದಾರೆಂದು ಮಧ್ಯಾಹ್ನ ಹೊರಗಿನಿಂದ ಬೀಗ ಜಡಿಯುವುದು ಅವನ ಪದ್ಧತಿ. ಅಂದೂ ಜಡಿದಿದ್ದ.

"ಬೇಕೂಂತ ಮಾಡಿದ್ದಲ್ಲ ತಂಗೀ."

"ಗೊತ್ತು. ಬೀಗದ ಕೈ ಜೇಬಲ್ಲಿಟ್ಕೊಂಡು ಊಟಕ್ಕೆ ಹೋಗಿದ್ರಿ." ಆಕೆಯ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಈ ಬೇಲಿ ನಿಮ್ಮ ಕೈಯಿಂದಲೇ ಕೂಡಬೇಕಿತ್ತು. ಬೇಡ ಅಂದ್ರೆ ಮಾಡೋರು ನೀವು ಅಂತ ಎಲ್ರೂ ಹೇಳಿದ್ರು."

ಗಂಟಿಗೆ ಕೈ ಹಾಕಿದ. ತಂತಿ ಕೆಂಡವಾಗಿತ್ತು. ಬೆರಳಿನ ಚರ್ಮ ಅದಕ್ಕೇ ಅಂಟಿ ಉಳಿಯಿತು. ಕಾಲಡಿಯ ಹುಲ್ಲು ಕರಕಲಾಯಿತು. ಉಸಿರು ಒಳಗೆ ಹೋಗಲೊಲ್ಲದು.

ಆಕೆ ನೆರಳಲ್ಲಿ ಕುಳಿತು ಚೀಲದಿಂದ ಡಬ್ಬಿ ತೆಗೆದಳು. ಮುಚ್ಚಳ ಪಕ್ಕಕ್ಕಿಟ್ಟು, ಕೈ ತೊಳೆದು, ತುತ್ತು ಕಲಸಿದಳು.

ಅವನ ಕೂಗು ನಿಂತಾಗ ಆಕೆಯ ಊಟ ಇನ್ನೂ ಮುಗಿದಿರಲಿಲ್ಲ.