ಬಾಗಿಲು ತೆಗೆಯದ ಮೂರು ದಿನ

ಬಿಸಿಲುಗಾಲ ಇನ್ನೂ ಕಾಲು ತೆಗೆದಿರಲಿಲ್ಲ. ಸೆಖೆಗೆ ಕೋಳಿಗಳು ಮೊಟ್ಟೆ ಕಡಿಮೆ ಮಾಡಿದ್ದವು. ಇಟ್ಟದ್ದರಲ್ಲೂ ಜೊಳ್ಳೇ ಹೆಚ್ಚು. ಹಾಗಾಗಿ ದೊಡ್ಡಮ್ಮನ ಹ್ಯಾಚರಿಯಲ್ಲಿ ಆ ಸಲ ಒಂದೊಂದು ಮೊಟ್ಟೆಯನ್ನೂ ಕಣ್ಣಿಗೆ ಒತ್ತಿಕೊಳ್ಳುವುದೊಂದೇ ಬಾಕಿ.

ಬೆಳಗಿನಿಂದ ಪುಟ್ಟಿ ದೀಪದ ಮುಂದೆ ಕುಳಿತಿದ್ದಳು. ಮೊಟ್ಟೆಯನ್ನು ಬೆಳಕಿಗೆ ಹಿಡಿಯುವುದು, ಒಳಗೆ ಕಪ್ಪಗೆ ತುಂಬಿಕೊಂಡಿದ್ದರೆ ಟ್ರೇಗೆ, ಬೆಳಕು ಹಾದು ಬಂದರೆ ಬುಟ್ಟಿಗೆ.

ಮನುಷ್ಯರನ್ನೂ ಹೀಗೆ ಹಿಡಿದು ನೋಡುವಂತಿದ್ದರೆ...!

ಅವಳಿಗೆ ಮೂವತ್ತು ತುಂಬಿತ್ತು. ಆದರೂ ದೊಡ್ಡಮ್ಮನಿಗೆ ಅವಳು ಪುಟ್ಟಿಯೇ. ಪುಟ್ಟಿಯ ಕಣ್ಣು ಮೊಟ್ಟೆಯ ಮೇಲಿದ್ದರೂ ಕಿವಿ ಮಾತ್ರ ಮೊಟ್ಟೆಗೆ ಕಾವು ಕೊಡುವ ಮಷೀನಿನ ಹಿಂದೆ ಮಲಗಿ ಫ್ಯಾನು ಬಿಗಿಯುತ್ತಿದ್ದವನ ಕಡೆಗಿತ್ತು. ಅವನು ಮೆಕ್ಯಾನಿಕ್. ಅವರಿಬ್ಬರ ಮದುವೆ ನಿಶ್ಚಯವಾಗಿತ್ತು.

ಮೊದಲ ಸಲ ಅವನು ಬಂದ ದಿನ ಇದೇ ಫ್ಯಾನು ಕೆಟ್ಟಿತ್ತು. ಪುಟ್ಟಿ ಅವನ ತಲೆಯ ಮೇಲೇ ನಿಂತು, "ಆಯ್ತಾ? ಸರಿಹೋಗತ್ತಾ? ನಿಜವಾಗ್ಲೂ?" ಎಂದು ಪ್ರಾಣ ತಿಂದಿದ್ದಳು. ಅವನು ಸ್ಪ್ಯಾನರ್ ಕೆಳಗಿಟ್ಟು ಕೈ ಮುಗಿದಿದ್ದ.

"ತಾಯೀ, ನೀವು ಕೇಳೋದು ನಿಲ್ಲಿಸಿದ್ರೆ ಇದು ತಿರುಗೋಕೆ ಶುರು ಮಾಡತ್ತೆ!"

ಅವಳಿಗೆ ಸಿಟ್ಟು ಬಂದಿತ್ತು. ಆಮೇಲೆ ನಗು. ಆಮೇಲೆ ಅವನು.

ಆದರೆ ಕೇಳುವುದು ಮಾತ್ರ ನಿಂತಿರಲಿಲ್ಲ. 'ನನ್ನನ್ನ ಬಿಟ್ಟು ಹೋಗಲ್ಲ ತಾನೆ?' ಎಂದು ದಿನಕ್ಕೊಮ್ಮೆ ಕೇಳದಿದ್ದರೆ ಅವಳಿಗೆ ಊಟ ಇಳಿಯುತ್ತಿರಲಿಲ್ಲ. 'ಇಲ್ಲ ಮಾರಾಯ್ತಿ' ಎಂದು ಅವನು ಅಂದರೂ ಇಳಿಯುತ್ತಿರಲಿಲ್ಲ... ಅಂದ ದನಿ ಸರಿಯಿತ್ತೇ ಎಂಬ ಯೋಚನೆ ಗಂಟಲಲ್ಲಿ ನಿಲ್ಲುತ್ತಿತ್ತು.

ಆಗಲೇ ಸ್ಟೂಲಿನ ಮೇಲಿದ್ದ ಅವನ ಫೋನು ಹಾಡಿತು.

"ಬಿಡು, ಆಮೇಲೆ ಮಾಡ್ತೀನಿ," ಎಂದ ಅವನು, ಮಷೀನಿನ ಹಿಂದಿನಿಂದಲೇ.

ಯಾರೆಂದು ನೋಡದೆಯೇ ಹೇಳಿದ!

ಪುಟ್ಟಿ ಬಗ್ಗಿ ನೋಡಿದಳು. ಪರದೆಯ ಮೇಲೆ ಎರಡೇ ಅಕ್ಷರ: ಗಿಣಿ.

ಯಾವಳಿವಳು ಗಿಣಿ? ನನ್ನ ಹೆಸರನ್ನ ಇದರಲ್ಲಿ ಏನಂತ ಬರ್ಕೊಂಡಿದಾನೆ? ಕೋಳಿ ಅಂತಲಾ?

ಕೈ ತಾನಾಗಿ ಫೋನು ಎತ್ತಿಕೊಂಡಿತು. ತೆರೆಯಲು ಅವನು ಹುಟ್ಟಿದ ದಿನ ಒತ್ತಿದಳು, ಆಗಲಿಲ್ಲ. ತನ್ನದನ್ನು ಒತ್ತಿದಳು, ಅದೂ ಆಗಲಿಲ್ಲ. ಎರಡನೆಯದೇ ಹೆಚ್ಚು ನೋಯಿಸಿತು. ಅಷ್ಟರಲ್ಲಿ ಮಷೀನಿನ ಹಿಂದೆ ಅವನು ಮೈಮುರಿದು ಏಳುವ ಸದ್ದು! ಗಾಬರಿಯಲ್ಲಿ ಪುಟ್ಟಿ ಎದುರಿಗೆ ಬಾಗಿಲು ತೆರೆದಿದ್ದ ಮಷೀನಿನ ಕೆಳಗಿನ ಟ್ರೇಯ ಅಡಿಗೆ ಫೋನನ್ನು ತಳ್ಳಿಬಿಟ್ಟಳು.

ಅದೇ ಗಳಿಗೆಗೆ ದೊಡ್ಡಮ್ಮ ಬಂದು ಕೊನೆಯ ಟ್ರೇ ಸರಿಸಿ, ಬಾಗಿಲು ಮುಚ್ಚಿ, ಚಿಲಕ ಜಡಿದರು.

"ಇನ್ನು ಮೂರು ದಿನ ಈ ಬಾಗಿಲಿಗೆ ಯಾರೂ ಕೈ ಹಚ್ಚಕೂಡದು. ದೇವರೇ ಬಂದ್ರೂ ಸರಿ, ಹೊರಗೆ ಕೂತ್ಕೊಳ್ಳಿ ಅನ್ನು."

ಅದು ಹ್ಯಾಚರಿಯ ಕಟ್ಟಳೆ. ಮರಿ ಚಿಪ್ಪು ಕುಕ್ಕುವ ಕಾಲದಲ್ಲಿ ಬಾಗಿಲು ತೆಗೆದರೆ ಒಳಗಿನ ತೇವ ಹಾರಿಹೋಗುತ್ತದೆ. ಒಳಪೊರೆ ಒಣಗಿ ಮರಿಯ ಮೈಗೆ ಅಂಟಿಕೊಳ್ಳುತ್ತದೆ. ಅರ್ಧ ಒಡೆದ ಚಿಪ್ಪಿನಲ್ಲೇ ಅದರ ಕಥೆ ಮುಗಿಯುತ್ತದೆ.

ಪುಟ್ಟಿ ಬುಟ್ಟಿಯ ಜೊಳ್ಳು ಮೊಟ್ಟೆಯೊಂದನ್ನು ಎತ್ತಿ ಮತ್ತೆ ಬೆಳಕಿಗೆ ಹಿಡಿದಳು.

ಮೆಕ್ಯಾನಿಕ್ ಸ್ಟೂಲು ನೋಡಿದ, ಜೇಬು ತಡಕಿದ, ಚೀಲ ಸುರಿದ. "ದೊಡ್ಡಮ್ಮಾ, ನಿಮ್ಮ ಫೋನು ಕೊಡಿ ಒಂಚೂರು," ಎಂದು ತನ್ನ ನಂಬರಿಗೆ ತಾನೇ ಕರೆ ಮಾಡಿದ.

ಮಷೀನಿನ ಹೊಟ್ಟೆಯೊಳಗಿಂದ ಹಾಡು ಕೇಳಿಬಂತು.

ದೊಡ್ಡಮ್ಮ ಬೆಚ್ಚಿಬಿದ್ದರು. "ಚಿಪ್ಪಿನೊಳಗೆ ಮರಿ ಚಿಂವ್ ಅನ್ನೋದು ಕೇಳಿದೀನಿ ಕಣಪ್ಪಾ. ಹಾಡು ಹೇಳೋದು ಇದೇ ಮೊದಲು!"

ಬಾಗಿಲಿನ ಗಾಜಿನಲ್ಲಿ ಮೂವರೂ ಇಣುಕಿದರು. ಫೋನು ಟ್ರೇಯ ಕೆಳಗೆ ಮಿಣುಕುತ್ತಿತ್ತು.

ಕುಂಬಳಕಾಯಿ ಕಳ್ಳ ಯಾರೆಂದು ಯಾರೂ ಕೇಳಲಿಲ್ಲ. ಪುಟ್ಟಿ ತಾನೇ ಹೆಗಲು ಮುಟ್ಟಿ ನೋಡಿಕೊಂಡಳು.

"ಬಾಗಿಲು ತೆಗೆದುಕೊಡ್ತೀನಿ..." ಎಂದು ಚಿಲಕಕ್ಕೆ ಕೈ ಹಾಕಿದಳು.

ಅವನು ಆ ಕೈ ಹಿಡಿದು ನಿಲ್ಲಿಸಿದ. "ಬೇಡ. ನಿನ್ನ ಅನುಮಾನಕ್ಕೆ ಅವು ಯಾಕೆ ಸಾಯ್ಬೇಕು?"

ದೊಡ್ಡಮ್ಮ ಸದ್ದಿಲ್ಲದೆ ಹೊರಗೆ ಹೋದರು.

"ಗಿಣಿ ಯಾರು?" ಎಂದಳು ಪುಟ್ಟಿ. ತಪ್ಪು ತನ್ನದೆಂದು ಗೊತ್ತಿದ್ದೂ ದನಿ ಏರಿತು.

"ಕದಿಯೋ ಮುಂಚೆ ಕೇಳಿದ್ರೆ ಹೇಳ್ತಿದ್ದೆ."

"ಈಗ ಹೇಳಿ!"

"ಈಗ ಹೇಳಿದ್ರೂ ನಂಬಲ್ಲ ನೀನು. ದಿನಾ ಹೇಳಿದ ಒಂದು ಮಾತನ್ನೇ ನಂಬಲಿಲ್ಲ." ಅವನು ಸಾಮಾನು ಚೀಲಕ್ಕೆ ತುಂಬಿದ. "ಬಾಗಿಲು ತೆಗೆಯೋ ದಿನ ಬರ್ತೀನಿ. ಮಷೀನು ನೋಡೋಕೆ."

ಮಷೀನು ನೋಡೋಕೆ... ನನ್ನನ್ನಲ್ಲ!

ಕೊನೆಯ ಮೂರು ದಿನ ಮಷೀನಿನ ಶಾಖ ನೋಡಿಕೊಳ್ಳಲು ಪುಟ್ಟಿ ಹ್ಯಾಚರಿಯಲ್ಲೇ ಉಳಿಯುವುದು ವಾಡಿಕೆ. ಮರುದಿನವಿಡೀ ಅವಳು ಗಾಜಿನ ಮುಂದೆ ಕುಳಿತಳು. ಗಂಟೆಗೊಮ್ಮೆ ಫೋನು ಹೊತ್ತಿಕೊಳ್ಳುತ್ತಿತ್ತು. ಗಿಣಿ. ಗಿಣಿ. ಮತ್ತೆ ಗಿಣಿ. ಸವತಿ ಮನೆಗೆ ಬಂದು ಬಾಗಿಲು ಬಡಿದಂತೆ. ಎತ್ತಿ ಬೈಯೋಣವೆಂದರೆ ನಡುವೆ ಗಾಜು. ಒಡೆಯೋಣವೆಂದರೆ ಒಳಗೆ ಮರಿಗಳು. ಸಂಜೆಯ ಹೊತ್ತಿಗೆ ಬ್ಯಾಟರಿ ಸತ್ತಿತು. ಆಮೇಲಿನ ಕತ್ತಲೆ ಅವಳಿಗೆ ಇನ್ನೂ ಕಷ್ಟವಾಯಿತು.

ಅದರ ಮರುದಿನ ಬೆಳಿಗ್ಗೆ ಅಮ್ಮ ಬಂದಳು. ಮುಖವೆಲ್ಲ ಬೆವರು, ಕಾಲಿಗೆ ಜೋಡಿಯಲ್ಲದ ಚಪ್ಪಲಿ.

"ಪುಟ್ಟೀ... ಹೋಗ್ಬಿಟ್ನೇನೇ ಅವನು?"

"ಯಾರಮ್ಮ?"

"ನಿನ್ನೆಯಿಂದ ಫೋನೇ ಎತ್ತುತ್ತಿಲ್ಲ! ಎಷ್ಟು ಸಲ ಮಾಡಿದೆ! ಇವತ್ತು ಸ್ವಿಚ್ ಆಫು!"

ಪುಟ್ಟಿ ಎದ್ದು ನಿಂತಳು. "ನೀನ್ಯಾಕೆ ಅವರಿಗೆ ಫೋನ್ ಮಾಡ್ತೀಯ?"

ಅಮ್ಮ ಸೆರಗಿನ ತುದಿ ತಿರುಚಿದಳು. "ದಿನಾ ಮಾಡ್ತೀನಿ. ನನ್ನ ಮಗಳನ್ನ ಬಿಟ್ಟು ಹೋಗಲ್ಲ ತಾನೆ ಅಂತೀನಿ. ಇಲ್ಲ ಅಮ್ಮ ಅಂತಾನೆ. ಕೇಳಿದ್ದನ್ನೇ ಕೇಳ್ತೀರಿ, ಫೋನಲ್ಲಿ ನಿಮ್ಮ ಹೆಸರು ಗಿಣಿ ಅಂತ ಇಟ್ಕೊಂಡಿದೀನಿ ಅಂತ ನಗ್ತಾನೆ. ತಾನಾಗಿ ನಿನಗೆ ಹೇಳಬೇಡ ಅಂತ ನಾನೇ ಕೇಳ್ಕೊಂಡಿದ್ದೆ."

ಪುಟ್ಟಿಗೆ ನಗು ಬಂತು. ಬಾಯಿಗೆ ಬರುವಷ್ಟರಲ್ಲಿ ಕಹಿಯಾಯಿತು. ಒಂದೇ ಪ್ರಶ್ನೆ, ಎರಡು ಬಾಯಿ. ಆ ಮನುಷ್ಯ ದಿನಕ್ಕೆರಡು ಸಲ ಪರೀಕ್ಷೆ ಬರೆಯುತ್ತಿದ್ದ, ಒಮ್ಮೆಯೂ ಪಾಸಾಗಿರಲಿಲ್ಲ.

"ಅಪ್ಪ ಬಿಟ್ಟು ಹೋಗಿದ್ದು ನಿನ್ನನ್ನ ಅಮ್ಮಾ! ಅದಕ್ಕೆ ನನ್ನ ಬಾಳಿಗ್ಯಾಕೆ ಕಾವಲು ಕೂರ್ತೀಯ? ಅಪ್ಪನ್ನೂ ಹೀಗೇ ಕೇಳಿ ಕೇಳಿ ಓಡಿಸಿದ್ಯಾ?"

ಆಡಿದ ಮಾತು ಕೈಜಾರಿದ ಮೊಟ್ಟೆಯಂತೆ ನೆಲಕ್ಕೆ ಬಿತ್ತು.

ಅಮ್ಮ ಅಳಲಿಲ್ಲ.

"ಇಲ್ಲ ಕಣೆ," ಎಂದಳು. "ಒಂದು ದಿನಾನೂ ಕೇಳಲಿಲ್ಲ. ನಂಬ್ಕೊಂಡು ಸುಮ್ಮನಿದ್ದೆ. ಈಗಲೂ ಅನ್ನಿಸತ್ತೆ... ಕೇಳಿದ್ರೆ ಇರ್ತಿದ್ರೋ ಏನೋ."

ಪುಟ್ಟಿ ಅಮ್ಮನ ಪಕ್ಕ ಕುಳಿತಳು. ಕೇಳದವಳನ್ನೂ ಬಿಟ್ಟು ಹೋಗಿದ್ದರು. ದಿನಾ ಕೇಳಿದ ತನ್ನನ್ನೂ ಮೊನ್ನೆ ಇವನು ಬಿಟ್ಟು ಹೋಗಿದ್ದ. ಒಳಗೆ ಮೊದಲ ಚಿಪ್ಪು ಟಿಕ್ಕೆಂದು ಬಿರಿಯಿತು. ಇಬ್ಬರೂ ತಲೆಯೆತ್ತಲಿಲ್ಲ.

ಬಾಗಿಲು ತೆಗೆಯುವ ದಿನ ಅವನು ಬಂದ. ಹೇಳಿದಂತೆ, ಮಷೀನು ನೋಡಲು.

ದೊಡ್ಡಮ್ಮ ಚಿಲಕ ತೆಗೆದಾಗ ಬಿಸಿ ಹಬೆಯ ಜೊತೆ ಚಿಂವ್‌ಚಿಂವ್ ಸದ್ದು ಹೊರಗೆ ನುಗ್ಗಿತು. ಟ್ರೇ ತುಂಬ ಹಳದಿ. "ಒಳ್ಳೇ ಬೆಳೆ!" ಎಂದು ದೊಡ್ಡಮ್ಮ ಮೊದಲ ಟ್ರೇ ಹೊತ್ತು ಹೋದರು.

ಕೆಳಗಿನ ಟ್ರೇಯಿಂದ ಜಾರಿದ ಮರಿಯೊಂದು ಫೋನಿನ ಮೇಲೆ ಕುಳಿತು ಹಿಕ್ಕೆ ಹಾಕಿತ್ತು. ಅವನು ಮರಿಯನ್ನು ಎತ್ತಿ ಪುಟ್ಟಿಯ ಅಂಗೈಗಿಟ್ಟ. ಫೋನನ್ನು ಒರೆಸಿದ. ಪರದೆಯ ಗಾಜಿನೊಳಗೆ ನೀರು ಕೂತಿತ್ತು.

"ಅಮ್ಮ ಎಲ್ಲಾ ಹೇಳಿದ್ಲು," ಎಂದಳು ಪುಟ್ಟಿ.

"ಹೂಂ."

"ಮೂರು ದಿನ... ಹೇಗಿದ್ರಿ?"

"ಎರಡು ದಿನ ಯಾರೂ ಏನೂ ಕೇಳಲಿಲ್ಲ. ಹಾಯಾಗಿತ್ತು."

ಅವಳ ಕಣ್ಣು ತುಂಬಿತು. ಕೈಯಲ್ಲಿ ಮರಿ ಇದ್ದುದರಿಂದ ಒರೆಸಿಕೊಳ್ಳಲೂ ಆಗಲಿಲ್ಲ.

"ಮೂರನೇ ದಿನ ಹಾಯಾಗಿರಲಿಲ್ಲ," ಎಂದ ಅವನು, ಫೋನು ನೋಡುತ್ತಲೇ. "ಕಿವಿ ಖಾಲಿ ಖಾಲಿ. ಅದಕ್ಕೂ ಸಿಟ್ಟು ಬಂತು."

"ತಪ್ಪಾಯ್ತು..."

"ಈಗ ಬೇಡ. ಈಗ ನೀನು ಭಯಕ್ಕೆ ಹೇಳ್ತಿದೀಯ. ನಾನೂ ಸಿಟ್ಟಿಗೆ ಬೇಡ ಅಂತಿದೀನಿ. ಅದು ಬಾಕಿ ಇರಲಿ."

"ಬಾಕಿ ಇಟ್ಕೊಂಡು ಹೇಗಿರೋದು?"

"ಬಾಕಿ ಇರೋ ಮನೆಗೆ ತಾನೆ ಮನುಷ್ಯ ಮತ್ತೆ ಮತ್ತೆ ಬರೋದು."

ಅಷ್ಟರಲ್ಲಿ ಸ್ಟೂಲಿನ ಮೇಲೆ ದೊಡ್ಡಮ್ಮನ ಫೋನು ಬಡಿದುಕೊಂಡಿತು. ಯಾರೆಂದು ಇಬ್ಬರಿಗೂ ಗೊತ್ತಿತ್ತು. ಅವನು ನಿಟ್ಟುಸಿರಿಟ್ಟು ಎತ್ತಿಕೊಂಡ.

"ಹೇಳಿ, ಗಿಣಿಯಮ್ಮಾ... ಬಂದಿದೀನಿ... ಇಲ್ಲ ಅಮ್ಮ. ಇಲ್ಲ... ಬಿಡಲ್ಲ."

ಅದೇ ಮಾತು. ಇನ್ನೊಬ್ಬರಿಗೆ ಹೇಳುವುದನ್ನು ಕೇಳಿದಾಗ ಅದು ನಿಜವೆನ್ನಿಸಿತು. ಎಂದೆಂದಿಗೂ ಸಾಕಾಗುವಷ್ಟಲ್ಲ... ಇವತ್ತಿನ ಮಟ್ಟಿಗೆ ಸಾಕು.

ಅವನು ಫೋನು ಕೆಳಗಿಟ್ಟು ಅವಳನ್ನೇ ನೋಡಿದ. ಪ್ರಶ್ನೆ ಅವಳ ನಾಲಿಗೆಯ ತುದಿಗೆ ಬಂದು ಕುಳಿತಿರುವುದು ಅವನಿಗೆ ಕಂಡಿತು.

"ನೀನು ಕೇಳಲ್ವಾ?"

ಅಂಗೈಯ ಮರಿ ಒಮ್ಮೆ ನಡುಗಿ, ಬೆಚ್ಚಗಾಗಿ, ಕಣ್ಣು ಮುಚ್ಚಿತು. ಪುಟ್ಟಿ ಅದರ ಮೇಲೆ ಇನ್ನೊಂದು ಅಂಗೈ ಮುಚ್ಚಿದಳು.

"ಅದೂ ಬಾಕಿ ಇರಲಿ," ಎಂದಳು.